1791ರ ಬೆಂಗಳೂರು ಕೋಟೆ ಕಾಳಗ ಮೇಜಿನ ಮೇಲೆ: ಮೈಸೂರಿನ ಸಿಪಾಯಿಗಳನ್ನು ಸರಿಯಾಗಿ ಮಾಡೋದು ಹೇಗೆ?

ಬಸವನಗುಡಿ ಬ್ರಷ್

ಎಲ್ಲರಿಗೂ ನಮಸ್ಕಾರ. ಎಂಟು ವರ್ಷಗಳಿಂದ ಪುಟ್ಟ ಸೈನಿಕರಿಗೆ ಬಣ್ಣ ಹಚ್ಚಿ, ಹಳೆಯ ಕಾಳಗಗಳನ್ನು ಮೇಜಿನ ಮೇಲೆ ಆಟವಾಗಿ ಆಡುತ್ತಿದ್ದೇನೆ. ಇಲ್ಲಿಯವರೆಗೆ ನನ್ನ ಊಟದ ಮೇಜಿನ ಮೇಲೆ ನಡೆದದ್ದೆಲ್ಲ ದೂರದ ಯುದ್ಧಗಳೇ. ವಾಟರ್ಲೂ ಆಯ್ತು, ಎಲ್ ಅಲಮೇನ್ ಆಯ್ತು, ನಾರ್ಮಂಡಿ ಎರಡು ಸಲ ಆಯ್ತು. ಹೋದ ತಿಂಗಳು ಹೂವು ತರಲು ಕೆ.ಆರ್. ಮಾರ್ಕೆಟ್‌ಗೆ ಹೋಗಿದ್ದೆ. ವಾಪಸ್ ಬರುವಾಗ ಸುಮ್ನೆ ಕೋಟೆಯ ಒಳಗೆ ಕಾಲಿಟ್ಟೆ. ಗೋಡೆಯಲ್ಲಿ ಒಂದು ಫಲಕ ಇದೆ, ನೀವೂ ನೋಡಿರುತ್ತೀರಿ. 1791ರ ಮಾರ್ಚ್ 21ರಂದು ಬ್ರಿಟಿಷರು ಇದೇ ಕಂಡಿಯಿಂದ ನುಗ್ಗಿದರು ಅಂತ ಇಂಗ್ಲಿಷಿನಲ್ಲಿ ಬರೆದಿದೆ. ನುಗ್ಗಿದವರ ಮಾತು ಅಲ್ಲಿದೆ. ಆ ಕಂಡಿಯಲ್ಲಿ ನಿಂತು ಸತ್ತವರ ಮಾತಿಲ್ಲ.

ಅವತ್ತೇ ಮನಸ್ಸು ಮಾಡಿದೆ. ಮುಂದಿನ ಆಟ ನಮ್ಮ ಊರಿನದೇ. ಟಿಪ್ಪುವಿನ ಮೇಲೆ ಬ್ರಿಟಿಷರ ಮೂರನೇ ಮೈಸೂರು ಯುದ್ಧ, ಅವರ ಸೇನಾಪತಿ ಕಾರ್ನ್‌ವಾಲಿಸ್‌ನ ಮುತ್ತಿಗೆ, ಮಾರ್ಚ್ 21ರ ರಾತ್ರಿ ಹನ್ನೊಂದು ಗಂಟೆಯ ದಾಳಿ.

ತೊಂದರೆ ಶುರುವಾಗಿದ್ದು ಗೊಂಬೆಗಳಿಂದ. ಹೊರದೇಶದಿಂದ ಒಂದು ಪೆಟ್ಟಿಗೆ ತರಿಸಿದೆ. ಕೆಂಪು ಕೋಟಿನವರು ಚೆನ್ನಾಗಿದ್ದಾರೆ. ಸಾಲಾಗಿ ನಿಂತಿದ್ದಾರೆ, ಗುಂಡಿ ಗುಂಡಿಯೂ ಕಾಣುತ್ತದೆ. ಮೈಸೂರಿನವರು ಅಂತ ಕೊಟ್ಟವರು ಮಾತ್ರ ಬರಿಮೈಯಲ್ಲಿ ಕತ್ತಿ ಬೀಸುತ್ತ ಓಡುತ್ತಿದ್ದಾರೆ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ! ಹೈದರ್ ಮತ್ತು ಟಿಪ್ಪು ಕಟ್ಟಿದ ಸೈನ್ಯ ಹಾಗಿರಲಿಲ್ಲ. ಅವರ ಕಾಲಾಳುಗಳಿಗೆ ಕವಾಯತು ಇತ್ತು, ಬಯೊನೆಟ್ ಹಾಕಿದ ಬಂದೂಕು ಇತ್ತು, ಕುಶೂನ್ ಅನ್ನುವ ದಳಗಳಿದ್ದವು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆ ಚಿತ್ರದಲ್ಲಿ 1780ರ ಪೊಳ್ಳಿಲೂರು ಕಾಳಗ ಇದೆಯಲ್ಲ, ಅದರಲ್ಲಿ ಮೈಸೂರಿನವರು ಒಂದೇ ಉಡುಪಿನಲ್ಲಿ ಸಾಲುಸಾಲಾಗಿ ನಿಂತಿದ್ದಾರೆ. ಆ ಸಾಲು ನನ್ನ ಮೇಜಿನ ಮೇಲೆ ಬರಬೇಕು. ಅಷ್ಟೇ ನನ್ನ ಆಸೆ.

ಸ್ಕೇಲ್ ಯಾವುದು, ಉಡುಪು ಹೇಗೆ, ರಾಕೆಟ್ ಹೇಗೆ, ಆಟದ ನಿಯಮ ಹೇಗೆ? ಗೊತ್ತಿದ್ದಷ್ಟು ಹೇಳಿ.

ಆರು ಮಿಲಿಮೀಟರ್

ಮೊದಲು ಸ್ಕೇಲ್ ಮುಗಿಸಿಬಿಡೋಣ. ಕೋಟೆಯ ಸುತ್ತಳತೆ ಸುಮಾರು ಒಂದು ಮೈಲಿ, ಅಂದರೆ 1,600 ಮೀಟರ್. 1/72ರಲ್ಲಿ, ಅಂದರೆ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲು ಅಳತೆಯಲ್ಲಿ, ಇಡೀ ಕೋಟೆ ಮಾಡಿದರೆ ಗೋಡೆಯೇ 22 ಮೀಟರ್ ಆಗುತ್ತದೆ. ನಿಮ್ಮ ಮನೆ ಸುತ್ತ ಕಾಂಪೌಂಡ್ ಹಾಕಬಹುದು. 6 ಎಂಎಂ ಎತ್ತರದ ಗೊಂಬೆ ಅಂದರೆ ಸುಮಾರು 1/300. ಆಗ ಗೋಡೆ ಐದೂಕಾಲು ಮೀಟರ್, ಅಡ್ಡಕ್ಕೆ ಒಂದೂಮುಕ್ಕಾಲು ಮೀಟರಿಗಿಂತ ಕಡಿಮೆ. ಎರಡು ಮೇಜು ಜೋಡಿಸಿದರೆ ಇಡೀ ಕೋಟೆ, ಕಂದಕ, ಉತ್ತರದಲ್ಲಿ ಪೇಟೆಯ (ಹಳೆಯ ಊರಿನ) ಒಂದು ಅಂಚು, ಎಲ್ಲ ಹಿಡಿಸುತ್ತದೆ.

ಮುತ್ತಿಗೆಯ ಆಟದಲ್ಲಿ ಕೋಟೆ ಕಾಣಬೇಕು. ಗುಂಡಿ ಕಾಣದಿದ್ದರೂ ನಡೆಯುತ್ತದೆ.

ಕಂದಕ72

ಇಲ್ಲ, ಒಪ್ಪಲಾರೆ. ಅವರು ಕೇಳಿದ್ದು ಮೈಸೂರಿನ ಸಿಪಾಯಿ ಹೇಗಿದ್ದ ಅಂತ. 6 ಎಂಎಂ ಗೊಂಬೆಯಲ್ಲಿ ಸಿಪಾಯಿ ಎಳ್ಳಿನ ಕಾಳಿನಷ್ಟು. ಮುಖವೇ ಇರುವುದಿಲ್ಲ.

ಇಡೀ ಕೋಟೆ ಬೇಕಾಗಿಲ್ಲ. ಆ ರಾತ್ರಿ ನಡೆದದ್ದೆಲ್ಲ ಉತ್ತರದ ದೆಹಲಿ ಬಾಗಿಲ ಹತ್ತಿರ. ನೂರು ಮೀಟರ್ ಗೋಡೆ ಮಾಡಿ. 1/72ರಲ್ಲಿ ಅದು 1.4 ಮೀಟರ್. ಎರಡು ಬುರುಜು, ಒಂದು ಬಾಗಿಲು, ನಡುವೆ ಕುಸಿದ ಜಾಗ, ಮುಂದೆ ಕಂದಕ. ಇದು ಊಟದ ಮೇಜಿನ ಅಳತೆಯೇ.

ನಾನು ಚಿತ್ರದುರ್ಗದ ಗೋಡೆಯ ಒಂದು ತುಂಡನ್ನು ಹೀಗೆ ಮಾಡಿದ್ದೇನೆ. ಥರ್ಮಾಕೋಲ್ ಬೇಡ, ಕಾಳುಕಾಳಾಗಿ ಉದುರುತ್ತದೆ. ಗಟ್ಟಿ ನೀಲಿ ಫೋಮ್ ತನ್ನಿ. ಕಲ್ಲಿನ ಗೆರೆಗಳನ್ನು ಹಳೆಯ ಬಾಲ್‌ಪೆನ್‌ನಿಂದ ಒತ್ತಿ. ಆಮೇಲೆ ಒಂದು ನಿಜವಾದ ಕಲ್ಲನ್ನು ಅದರ ಮೇಲೆ ಉರುಳಿಸಿ. ಕಲ್ಲಿನ ಮೈ ತಾನಾಗಿ ಮೂಡುತ್ತದೆ. ಬಣ್ಣಕ್ಕೆ ಮೊದಲು ಕಡು ಬೂದು, ಮೇಲೆ ತಿಳಿ ಬೂದು ಒಣ ಬ್ರಷ್ (ಬ್ರಷ್‌ನ ಬಣ್ಣ ಒರೆಸಿ, ಉಳಿದದ್ದನ್ನು ಮೇಲೆ ಮೇಲೆ ತೀಡುವುದು), ಕೊನೆಗೆ ಅಲ್ಲಲ್ಲಿ ನೀರು ಬೆರೆಸಿದ ತೆಳು ಕಂದು. ಅಂಗಡಿಯಲ್ಲಿ ಕೋಟೆ ಬಣ್ಣ ಅಂತ ಮಾರುವುದು ಯುರೋಪಿನ ಹಳದಿ ಕಲ್ಲಿನದು. ನಮ್ಮದು ಗ್ರಾನೈಟ್. ಲಾಲ್‌ಬಾಗ್ ಬಂಡೆಯ ಮೇಲೆ ಒಂದು ಸಂಜೆ ಕೂತು ನೋಡಿ ಬನ್ನಿ, ಆಮೇಲೆ ಬಣ್ಣ ಕಲಸಿ. ಆ ಬೂದು ಬಣ್ಣದಲ್ಲಿ ಗುಲಾಬಿ ಇದೆ, ಕಪ್ಪು ಇದೆ, ಮಳೆ ನೀರು ಇಳಿದ ಕಲೆ ಇದೆ.

ನೆಲಕ್ಕೆ ನಮ್ಮ ಕೆಂಪು ಮಣ್ಣೇ ಸಾಕು. ಸೈಟಿನಿಂದ ಒಂದು ಹಿಡಿ ತಂದು, ಬಿಸಿಲಿಗೆ ಒಣಗಿಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ. ಫೆವಿಕಾಲ್‌ಗೆ ನೀರು ಬೆರೆಸಿ ಅಂಟಿಸಿ. ಬೆಂಗಳೂರಿನ ಕಾಳಗಕ್ಕೆ ಬೆಂಗಳೂರಿನದೇ ನೆಲ.

ಬಸವನಗುಡಿ ಬ್ರಷ್

ಕಂದಕ72 ಅವರೇ, ಇದು ಸರಿ ಅನಿಸ್ತು. 1/72, ದೆಹಲಿ ಬಾಗಿಲು, ನೂರು ಮೀಟರ್. ಆರು ಮಿಲಿಮೀಟರ್ ಅವರ ಲೆಕ್ಕವನ್ನೂ ಎತ್ತಿಟ್ಟುಕೊಂಡಿದ್ದೇನೆ. ಎಂದಾದರೂ ಶ್ರೀರಂಗಪಟ್ಟಣ ಮಾಡಿದರೆ ಅದೇ ದಾರಿ.

ಒಂದು ಗೊಂಬೆಗೆ 20 ಜನ ಅಂತ ಇಟ್ಟುಕೊಂಡಿದ್ದೇನೆ. 600 ಜನರ ಬೆಟಾಲಿಯನ್‌ಗೆ 30 ಗೊಂಬೆ. ಈಗ ಉಡುಪಿನ ಮಾತು ಯಾರಾದರೂ ಹೇಳಿ.

ಗೊಂಬೆಮನೆ

ನಾನು ಹೇಳ್ತೀನಿ. ವಾರ್‌ಗೇಮ್ ಆಡುವವಳಲ್ಲ, ಬಣ್ಣ ಹಚ್ಚುವವಳು. ಮಲ್ಲೇಶ್ವರದ ನಮ್ಮ ಮನೆಯಲ್ಲಿ ದಸರೆಗೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುತ್ತಿದ್ದೆವು. ಕೆಳಗಿನ ಮೆಟ್ಟಿಲಲ್ಲಿ ಜಂಬೂಸವಾರಿಯ ಸಾಲು. ಆನೆ, ಕುದುರೆ, ಬ್ಯಾಂಡು, ಸಿಪಾಯಿಗಳು. ಪ್ರತಿ ವರ್ಷ ಮೂಗು ಮುರಿದ ಸಿಪಾಯಿಗಳನ್ನು ಸರಿ ಮಾಡುವ ಕೆಲಸ ನನಗೆ. ಅಲ್ಲಿಂದ ಈ ಹುಚ್ಚು ಹತ್ತಿದ್ದು. ಮಿನಿಯೇಚರ್ ನಮಗೆ ಹೊಸದು ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. ಗೊಂಬೆ ಜೋಡಿಸಿ ಕಥೆ ಹೇಳುವುದನ್ನು ನಾವು ಅಜ್ಜಿಯರ ಕಾಲದಿಂದ ಮಾಡುತ್ತಿದ್ದೇವೆ.

ಮೊದಲು ಮೈಬಣ್ಣ. ದಯವಿಟ್ಟು ಡಬ್ಬಿಯ ಮೇಲೆ ಚರ್ಮದ ಬಣ್ಣ ಅಂತ ಬರೆದಿರುವುದನ್ನು ಹಚ್ಚಬೇಡಿ. ಅದು ನಮ್ಮ ಚರ್ಮವಲ್ಲ. ಅದಕ್ಕೇ ಕಂದು ಬೆರೆಸಿದರೆ ಕೆಸರಿನ ಹಾಗೆ ಕಾಣುತ್ತದೆ. ಬರ್ಂಟ್ ಸಿಯೆನ್ನಾದಿಂದ (ಕೆಂಪು ಕಂದು) ಶುರು ಮಾಡಿ. ಯೆಲ್ಲೋ ಓಕರ್ (ಮಣ್ಣಿನ ಹಳದಿ) ಕಾಲು ಭಾಗ ಸೇರಿಸಿ. ಕಣ್ಣಿನ ಗುಳಿ, ಕತ್ತಿನ ಕೆಳಗೆ ಬರ್ಂಟ್ ಅಂಬರ್ (ಕಡು ಕಂದು) ತೆಳ್ಳಗೆ ಬಿಡಿ. ಮೂಗಿನ ತುದಿ, ಕೆನ್ನೆಗೆ ಓಕರ್ ಜಾಸ್ತಿ ಮಾಡಿ, ಬಿಳಿ ಚೂರೇ ಚೂರು. ಕ್ಯಾಮ್ಲಿನ್ ಅಕ್ರಿಲಿಕ್ ಸಾಕು, ದುಬಾರಿ ಡಬ್ಬಿ ಬೇಕಾಗಿಲ್ಲ. ಮೂವತ್ತು ಗೊಂಬೆಗೆ ಮೂರು ನಾಲ್ಕು ಬೇರೆ ಬೇರೆ ಮೈಬಣ್ಣ ಕಲಸಿ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಮೂವತ್ತು ಜನರನ್ನು ನೋಡಿ, ಒಬ್ಬರ ಬಣ್ಣ ಇನ್ನೊಬ್ಬರದಲ್ಲ. ಇದೊಂದು ಮಾಡಿದರೆ ಅವರು ಗುಂಪಾಗಿ ಉಳಿಯುವುದಿಲ್ಲ, ಮನುಷ್ಯರಾಗುತ್ತಾರೆ.

ಉಡುಪಿಗೆ ಬಬ್ರಿ, ಅಂದರೆ ಹುಲಿ ಗುರುತು. ಟಿಪ್ಪುವಿನ ಕಾಲಾಳುಗಳ ನೇರಳೆ ಅಂಗಿಯ ಮೇಲೆ ಬಿಳಿ ಗುರುತುಗಳಿದ್ದವು. 1/72ರಲ್ಲಿ ಪಟ್ಟೆ ಎಳೆಯಲು ಹೋಗಬೇಡಿ, ಜೀಬ್ರಾ ಆಗುತ್ತದೆ. ಮೊನೆ ಚೂಪಾದ ಬ್ರಷ್‌ನಿಂದ ಪುಟ್ಟ ಪುಟ್ಟ ಬಿಳಿ ಹನಿಗಳನ್ನು ಓರೆಯಾಗಿ ಇಡಿ. ಒಣಗಿದ ಮೇಲೆ ತಿಳಿ ನೇರಳೆ ನೀರು ಬಿಟ್ಟರೆ ಬಿಳುಪು ತಗ್ಗಿ ಬಟ್ಟೆಯ ಜೊತೆ ಕೂಡುತ್ತದೆ.

ಮುಂಡಾಸಿಗೆ ಎಂ-ಸೀಲ್. ನೆಪೋಲಿಯನ್ ಕಾಲದ ಅಗ್ಗದ ಪ್ಲಾಸ್ಟಿಕ್ ಕಾಲಾಳುಗಳನ್ನು ತಗೊಳ್ಳಿ. ಬಂದೂಕು ಹೆಗಲಿಗಿಟ್ಟು ನಡೆಯುವ ಭಂಗಿ ಇರಲಿ. ಟೋಪಿ ಕತ್ತರಿಸಿ. ಎಂ-ಸೀಲ್ ಅನ್ನು ಶಾವಿಗೆಯ ಹಾಗೆ ಎಳೆದು ತಲೆಗೆ ಮೂರು ಸುತ್ತು ಸುತ್ತಿ. ಬೆರಳಿಗೆ ನೀರು ಹಚ್ಚಿಕೊಂಡೇ ಮಾಡಿ, ಇಲ್ಲಾಂದ್ರೆ ಅಂಟುತ್ತದೆ. ಹತ್ತು ಗೊಂಬೆ ಆಗುವ ಹೊತ್ತಿಗೆ ಕೈ ಕೂರುತ್ತದೆ.

ಹೊಸಬ2

ನಾನು ಇನ್ನೂ ಶುರು ಮಾಡಿಲ್ಲ. ಮೂವತ್ತು ಗೊಂಬೆ ಮಾಡಲು ಎಷ್ಟು ದಿನ ಬೇಕು? ಮನೆಯಲ್ಲಿ ಪುಟ್ಟ ಮಗು ಇದೆ. ರಾತ್ರಿ ಒಂದು ಗಂಟೆ ಸಿಕ್ಕರೆ ಹೆಚ್ಚು.

ಗೊಂಬೆಮನೆ

ರಾತ್ರಿ ಒಂದು ಗಂಟೆ ಧಾರಾಳ. ಒಂದೇ ಗೊಂಬೆ ಹಿಡಿದು ಪೂರ್ತಿ ಮಾಡಬೇಡಿ. ಇವತ್ತು ಆರು ಗೊಂಬೆಗೆ ಮುಖ, ನಾಳೆ ಆರಕ್ಕೂ ಅಂಗಿ. ವಾರಕ್ಕೆ ಆರು ಆಗುತ್ತದೆ. ಬ್ಲೇಡ್ ಮತ್ತು ಎಂ-ಸೀಲ್ ಮಗುವಿನ ಕೈಗೆ ಸಿಗದ ಹಾಗೆ ಇಡಿ. ಮಳೆಗಾಲದಲ್ಲಿ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆಯಬೇಡಿ, ಗಾಳಿಯ ತೇವಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಬ್ರಷ್‌ನಿಂದ ಹಚ್ಚಿ.

ಕೊಡಗಿನ ಮಳೆ

ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ.

ನಾನು ಮಡಿಕೇರಿಯವನು, ಬೆಂಗಳೂರಿನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ನಿಮ್ಮ ಕೆಲಸ ನನಗೆ ಇಷ್ಟ. ಆದರೆ ಟಿಪ್ಪು ಅಂದ ಕೂಡಲೇ ನಮ್ಮ ಮನೆಯಲ್ಲಿ ನೆನಪಾಗುವುದು ಬೇರೆ. ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು. ಅದು ನಡೆದ ಜಾಗ ಅಂತ ಹೇಳುವ ದೇವಟ್ಟಿಪರಂಬಿನ ಹೆಸರು ಬಂದರೆ ಅಜ್ಜಿ ಇವತ್ತಿಗೂ ಮಾತು ನಿಲ್ಲಿಸುತ್ತಾರೆ. ಇದೇ ಯುದ್ಧದಲ್ಲಿ ನಮ್ಮ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಂಗ್ಲಿಷರ ಕಡೆ ಇದ್ದರು. ಮಲಬಾರಿನಿಂದ ಬಂದ ಇಂಗ್ಲಿಷರ ಸೇನಾಪತಿ ಅಬರ್‌ಕ್ರಾಂಬಿಯ ಸೈನ್ಯಕ್ಕೆ ಕೊಡಗಿನ ಘಟ್ಟದ ದಾರಿ ಬಿಟ್ಟುಕೊಟ್ಟವರು ಅವರೇ. ಅವರಿಗೆ ಕಾರಣ ಇತ್ತು.

ಹಾಗಾಗಿ ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಪರಕೀಯರು ಅಂತ ಮೇಜನ್ನು ಎರಡು ಭಾಗ ಮಾಡಬೇಡಿ. ಇಷ್ಟೇ ನನ್ನ ಮಾತು.

ಬಸವನಗುಡಿ ಬ್ರಷ್

ನೀವು ಬರೆದದ್ದು ಒಳ್ಳೆಯದಾಯ್ತು. ನಾನು ಮೊದಲ ಸಲ ಬರೆದಾಗ ಇದನ್ನು ಯೋಚಿಸಿರಲಿಲ್ಲ, ನಿಜ.

ಕಂಡಿಯಲ್ಲಿ ನಿಂತವರಿಗೆ ಮುಖ ಕೊಡಬೇಕು ಅಂತ ಹೊರಟವನು ನಾನು. ಹಾಗೆ ಹೊರಟ ಮೇಲೆ ಉಳಿದವರ ಮುಖವನ್ನೂ ಬಿಡಲು ಆಗುವುದಿಲ್ಲ. ಟಿಪ್ಪುವಿನ ಮೇಲೆ ತೀರ್ಪು ಕೊಡುವ ಕೆಲಸ ನನ್ನ ಮೇಜಿನದಲ್ಲ. ಬೆಂಗಳೂರಿನ ಗೋಡೆ ಮೇಲೆ ನಿಂತ ಸಿಪಾಯಿ ಕವಾಯತು ಕಲಿತವನು, ಬಂದೂಕು ಹಿಡಿದವನು ಅನ್ನುವುದು ನಿಜ. ಕೊಡಗಿನಲ್ಲಿ ನಡೆದದ್ದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ. ಆಟದ ಜೊತೆ ಎರಡು ಪುಟದ ಹಿನ್ನೆಲೆ ಬರೆಯುತ್ತಿದ್ದೇನೆ, ಆಡುವ ಮೊದಲು ಎಲ್ಲರೂ ಓದುವುದಕ್ಕೆ. ಅದರಲ್ಲಿ ಕೊಡಗಿನ ಭಾಗವನ್ನು ನೀವು ಬರೆದುಕೊಡ್ತೀರಾ?

ಕೊಡಗಿನ ಮಳೆ

ಬರೀತೀನಿ. ಅಜ್ಜಿಯನ್ನೂ ಕೇಳುತ್ತೇನೆ.

ಧಾರವಾಡದಿಂದ

ಹಿನ್ನೆಲೆಯಲ್ಲಿ ನಮ್ಮ ಊರನ್ನೂ ಒಂದು ಸಾಲು ಸೇರಿಸಿ. ಬೆಂಗಳೂರಿಗೆ ಮುತ್ತಿಗೆ ಬಿದ್ದಾಗ ಧಾರವಾಡದ ಕೋಟೆಯನ್ನು ಮರಾಠರ ಪರಶುರಾಮ ಭಾವು ಆರು ತಿಂಗಳಿನಿಂದ ಮುತ್ತಿದ್ದ. ಒಳಗೆ ಟಿಪ್ಪುವಿನ ಕಡೆಯ ಬದ್ರುಜ್ಜಮಾನ್ ಖಾನ್. 1790ರ ಸೆಪ್ಟೆಂಬರಿನಲ್ಲಿ ಶುರುವಾದದ್ದು 1791ರ ಏಪ್ರಿಲ್‌ವರೆಗೆ ಎಳೆಯಿತು. ಬೆಂಗಳೂರು ಹದಿನೈದು ಇಪ್ಪತ್ತು ದಿನದಲ್ಲಿ ಬಿತ್ತು, ಧಾರವಾಡ ಅಷ್ಟು ಸುಲಭಕ್ಕೆ ಬೀಳಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಹಲಸೂರು ಕೆರೆ

ಕೊಡಗಿನವರ ಮಾತಿಗೆ ನಾನು ಇನ್ನೊಂದು ಸೇರಿಸುತ್ತೇನೆ. ಕೆಂಪು ಕೋಟಿನವರಲ್ಲಿ ಎಲ್ಲರೂ ಬಿಳಿಯರಲ್ಲ. ಕಾರ್ನ್‌ವಾಲಿಸ್‌ನ ಸೈನ್ಯದಲ್ಲಿ ಮದ್ರಾಸಿನ ಸಿಪಾಯಿಗಳಿದ್ದರು, ಬಂಗಾಳದ ಸಿಪಾಯಿಗಳಿದ್ದರು. ಮೇಲೆ ಕೆಂಪು ಕೋಟು, ಕೆಳಗೆ ಮೊಣಕಾಲು ಮುಟ್ಟದ ಬಿಳಿ ಚಡ್ಡಿ, ಬರಿಗಾಲು ಇಲ್ಲವೇ ಚಪ್ಪಲಿ. ಏಣಿ ಹೊತ್ತವರು, ಕಂದಕ ತುಂಬಲು ಕಟ್ಟಿಗೆ ಹೊರೆ ಹೊತ್ತವರು ಪಯೋನಿಯರ್‌ಗಳು. ಮದ್ರಾಸ್ ಪಯೋನಿಯರ್ ಶುರುವಾದದ್ದು 1780ರಲ್ಲಿ. ಇವತ್ತಿನ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ಮೂಲ ಅದು. ಅವರ ಕೇಂದ್ರ ಇರುವುದು ನಮ್ಮ ಹಲಸೂರು ಕೆರೆ ಪಕ್ಕದಲ್ಲಿ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಅವರ ಬ್ಯೂಗಲ್ ಕೇಳಿಸುತ್ತದೆ.

ಅಂದು ಈ ಕೋಟೆಗೆ ಏಣಿ ಹಾಕಿದ ದಳ ಇಂದು ಇದೇ ಊರಿನದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನನ್ನ ಸಲಹೆ ಒಂದಿದೆ. ಕೋಟೆಗೆ ಮೊದಲು ಪೇಟೆ ಆಡಿ. ಮಾರ್ಚ್ 7ರಂದು ಪೇಟೆ ಬಿತ್ತು. ದಾಳಿ ಆದದ್ದು ಹಲಸೂರು ಗೇಟಿನಲ್ಲಿ. ಇವತ್ತಿಗೂ ಪೊಲೀಸ್ ಸ್ಟೇಷನ್ ಹೆಸರಿನಲ್ಲಿ ಆ ಬಾಗಿಲು ಉಳಿದಿದೆ. ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತದ್ದು ಅಲ್ಲೇ. ಅದೇ ದಿನ ಟಿಪ್ಪುವಿನ ಕಡೆಯವರು ಪೇಟೆಯನ್ನು ವಾಪಸ್ ಪಡೆಯಲು ಬಂದು ಬೀದಿ ಬೀದಿಯಲ್ಲಿ ಕಾದಾಡಿದರು. ಚಿಕ್ಕಪೇಟೆಯಲ್ಲಿ ಶನಿವಾರ ಸಂಜೆ ನಡೆದವರಿಗೆ ಆ ಇಕ್ಕಟ್ಟು ಹೇಗಿರಬಹುದು ಅಂತ ಹೇಳಬೇಕಾಗಿಲ್ಲ.

ಪೇಟೆಗೆ ಮಣ್ಣಿನ ಗೋಡೆ, ಕಂದಕ, ಅದರಾಚೆ ಮುಳ್ಳುಪೊದೆಯ ಬೇಲಿ ಇತ್ತು. ಬೇಲಿ ಮಾಡಲು ಒಣಗಿದ ಹೀರೇಕಾಯಿ ನಾರು. ಬಿಡಿಸಿ, ಕಡು ಹಸಿರು ಹಚ್ಚಿ, ಒಣ ಬ್ರಷ್‌ನಿಂದ ತಿಳಿ ಕಂದು ಕೊಡಿ. ಅಂಗಡಿಯ ಯಾವ ಪೊದೆಯೂ ಇದರ ಹತ್ತಿರ ಬರುವುದಿಲ್ಲ.

ಹೊಸಬ2

ಹಲಸೂರು ಕೆರೆ ಅವರೇ, ಬೆಂಗಳೂರು ಟಾರ್ಪೆಡೋ ಕೂಡ ಇವರದೇ ಅಲ್ವಾ?

ಹಲಸೂರು ಕೆರೆ

ಹೌದು. 1912ರಲ್ಲಿ ಕ್ಯಾಪ್ಟನ್ ಮೆಕ್ಲಿಂಟಾಕ್ ಇಲ್ಲಿನ ಸ್ಯಾಪರ್ಸ್‌ನಲ್ಲಿದ್ದಾಗ ಮಾಡಿದ್ದು. ಕೊಳವೆಯೊಳಗೆ ಸ್ಫೋಟಕ. ಒಂದಕ್ಕೊಂದು ಸೇರಿಸಿ ಮುಳ್ಳುತಂತಿಯ ಕೆಳಗೆ ತಳ್ಳಬೇಕು. ತಳ್ಳುವವನು ಮರೆಯಲ್ಲೇ ಇರುತ್ತಾನೆ. 1944ರಲ್ಲಿ ನಾರ್ಮಂಡಿಯ ದಂಡೆಯಲ್ಲಿ ಅಮೆರಿಕನ್ನರು ಬಳಸಿದ್ದು ಇದನ್ನೇ. ಅವರ ಒಂದೊಂದು ತುಂಡು ಐದು ಅಡಿ. 1/72ರಲ್ಲಿ 21 ಮಿಲಿಮೀಟರ್. ಮುಕ್ಕಾಲು ಮಿಲಿಮೀಟರ್ ದಪ್ಪದ ತಂತಿ ಸರಿಹೋಗುತ್ತದೆ. ಬಸವನಗುಡಿ ಬ್ರಷ್ ಅವರು ನಾರ್ಮಂಡಿ ಎರಡು ಸಲ ಆಡಿದೆ ಅಂದರಲ್ಲ, ನಮ್ಮ ಊರಿನ ಹೆಸರು ಅವರ ಮೇಜಿನ ಮೇಲೆ ಆಗಲೇ ಬಂದುಹೋಗಿದೆ.

ಶರಾವತಿ ಸೀಮೆ

ಮೈಸೂರಿನ ಸೈನ್ಯದ ರಾಕೆಟ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೊಸನಗರದ ಕಡೆಯವನು. ನಮ್ಮ ಪಕ್ಕದ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದರು. ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ಶಿವಮೊಗ್ಗದ ಮ್ಯೂಸಿಯಂನಲ್ಲಿ ನೋಡಿದ್ದೇನೆ. ಹತ್ತಿರ ನಿಂತಾಗ ಗೊತ್ತಾಗುವುದು ಇವು ಪಟಾಕಿಯಲ್ಲ ಅಂತ. ಕಾಗದದ ಬದಲು ಕಬ್ಬಿಣ ಹಾಕಿದ್ದೇ ಗುಟ್ಟು. ಒಳಗಿನ ಒತ್ತಡ ತಡೆಯುತ್ತದೆ, ಆದ್ದರಿಂದ ದೂರ ಹಾರುತ್ತದೆ.

ಮಾಡುವ ಬಗೆ: ಕೊಳವೆ ಒಂದು ಅಡಿ ಆಸುಪಾಸು, 1/72ರಲ್ಲಿ ನಾಲ್ಕು ಮಿಲಿಮೀಟರ್. ಹಳೆಯ ವೈರಿನ ಪ್ಲಾಸ್ಟಿಕ್ ಹೊದಿಕೆ ಕತ್ತರಿಸಿ. ಕೊಳವೆಗೆ ಕಟ್ಟುತ್ತಿದ್ದ ಬಿದಿರಿನ ಬದಲು ತೆಂಗಿನ ಪೊರಕೆ ಕಡ್ಡಿಯನ್ನು ಸೀಳಿ ಅಂಟಿಸಿ. ಹಾರುತ್ತಿರುವುದನ್ನು ತೋರಿಸಬೇಕಾದರೆ ತೆಳು ತಂತಿಗೆ ಹತ್ತಿ ಸುತ್ತಿ, ಬುಡಕ್ಕೆ ಕಿತ್ತಳೆ, ಮೇಲಕ್ಕೆ ಬೂದು.

ನಿಯಮದಲ್ಲಿ ಒಂದು ಮಾತು. ಬಹಳ ಆಟಗಳಲ್ಲಿ ರಾಕೆಟ್ ಅನ್ನು ಕೆಟ್ಟ ಫಿರಂಗಿಯ ಹಾಗೆ ಆಡಿಸುತ್ತಾರೆ. ಗುರಿ ತಪ್ಪಿದರೆ ಏನೂ ಆಗಲಿಲ್ಲ ಅಂತ. ಅದು ತಪ್ಪು. ರಾಕೆಟ್‌ನ ಕೆಲಸವೇ ಹೆದರಿಸುವುದು. ಹೀಗೆ ಮಾಡಿ: ಒಂದು ಡೈಸ್ ಹಾಕಿ. 1 ಬಿದ್ದರೆ ಹಿಂದಕ್ಕೆ ತಿರುಗುತ್ತದೆ. 2 ಅಥವಾ 3 ಬಿದ್ದರೆ ಪಕ್ಕಕ್ಕೆ ಹೋಗುತ್ತದೆ. 4ರಿಂದ 6 ನೇರ. ಎಲ್ಲಿಗೇ ಹೋಗಲಿ, ಅದರ ದಾರಿಯಿಂದ ಆರು ಇಂಚು ಒಳಗಿರುವ ಕುದುರೆ ಮತ್ತು ಎತ್ತುಗಳಿಗೆ ಧೈರ್ಯದ ಪರೀಕ್ಷೆ. ಪರೀಕ್ಷೆ ಸೋತರೆ ಓಡುತ್ತವೆ.

ಕಂದಕ72

ಎತ್ತು ಅಂದಿದ್ದಕ್ಕೆ ನೆನಪಾಯ್ತು. ಪೆಟ್ಟಿಗೆಯಲ್ಲಿ ಬರುವ ಎತ್ತುಗಳಿಗೆ ಬೆನ್ನ ಮೇಲಿನ ಡುಬ್ಬವೇ ಇರುವುದಿಲ್ಲ, ಕೊಂಬು ಪಕ್ಕಕ್ಕೆ ಚಾಚಿರುತ್ತದೆ. ಯುರೋಪಿನ ಎತ್ತು ಅವು. ಮೈಸೂರಿನ ಸೈನ್ಯವನ್ನು ಎಳೆದದ್ದು ಅಮೃತ್ ಮಹಲ್ ತಳಿ. ಕೊಂಬು ಒಂದಕ್ಕೊಂದು ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ಮೇಲಕ್ಕೆ ಚೂಪಾಗಿ ಏಳಬೇಕು. ಹಳ್ಳಿಕಾರ್ ಎತ್ತು ನೋಡಿದವರಿಗೆ ಗೊತ್ತು. ತಾಮ್ರದ ತಂತಿ ಬಗ್ಗಿಸಿ ಕೊಂಬು, ಎಂ-ಸೀಲ್‌ನಿಂದ ಡುಬ್ಬ, ಕತ್ತಿನ ಕೆಳಗೆ ಸಣ್ಣ ಗಂಗೆದೊಗಲು. ಬಣ್ಣ ಬೂದು, ಕತ್ತು ಡುಬ್ಬದ ಹತ್ತಿರ ಕಡು.

ಎತ್ತಿಲ್ಲದೆ ಈ ಯುದ್ಧವೇ ಇಲ್ಲ. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋಗಿ ವಾಪಸ್ ಬಂದ. ಎತ್ತು ಸತ್ತವು, ಮೇವಿಲ್ಲ, ದೊಡ್ಡ ಫಿರಂಗಿಗಳನ್ನು ತಾನೇ ನಾಶ ಮಾಡಿಸಿದ. ಬೆಂಗಳೂರಿನ ಮುತ್ತಿಗೆಯಲ್ಲೇ ಈ ತೊಂದರೆ ಶುರುವಾಗಿತ್ತು.

ಬಸವನಗುಡಿ ಬ್ರಷ್

ಇದು ನಿಯಮಕ್ಕೆ ದಾರಿ ತೋರಿಸಿತು. ನನ್ನ ತಲೆನೋವು ಏನೆಂದರೆ, ಕೋಟೆ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಮೈಸೂರಿನ ಕಡೆ ಕೂತವನು ಸೋಲಲಿಕ್ಕೇ ಕೂರಬೇಕಾ?

ಹಾಗಲ್ಲ ಅಂತ ಈಗ ಕಾಣುತ್ತಿದೆ. ಮುತ್ತಿಗೆ ಹಾಕಿದವನೂ ಮುತ್ತಿಗೆಯಲ್ಲೇ ಇದ್ದ. ಕಾರ್ನ್‌ವಾಲಿಸ್‌ನ ಮುಂದೆ ಕೋಟೆ, ಹಿಂದೆ ಕೆಲವೇ ಮೈಲಿ ದೂರದಲ್ಲಿ ಟಿಪ್ಪುವಿನ ಇಡೀ ಸೈನ್ಯ. ಮೇವು ಮುಗಿಯುತ್ತಿದೆ, ಎತ್ತು ಬೀಳುತ್ತಿವೆ. ಕಾಯಲು ಅವನ ಹತ್ತಿರ ಸಮಯ ಇರಲಿಲ್ಲ, ಆದ್ದರಿಂದಲೇ ರಾತ್ರಿ ದಾಳಿ. ಅಂದರೆ ಮೈಸೂರಿನ ಕಡೆಯವನು ಕೋಟೆ ಉಳಿಸಿಕೊಳ್ಳಬೇಕಾದದ್ದು ಬೆಳಗಿನವರೆಗೆ ಮಾತ್ರ. ಹನ್ನೆರಡು ಸುತ್ತು ಆಟ. ಹನ್ನೆರಡನೇ ಸುತ್ತಿಗೆ ಕಂಡಿ ಮೈಸೂರಿನವರ ಕೈಯಲ್ಲಿದ್ದರೆ ಅವರು ಗೆದ್ದಂತೆ. ಪ್ರತಿ ಸುತ್ತಿನಲ್ಲೂ ಒಂದು ಕಾರ್ಡ್ ಎತ್ತಬೇಕು. ಕೆಲವು ಕಾರ್ಡ್ ಬಂದರೆ ಹೊರಗಿನ ಸೈನ್ಯ ಅಲುಗಾಡುತ್ತದೆ, ಆಗ ಬ್ರಿಟಿಷರ ಒಂದು ಬೆಟಾಲಿಯನ್ ಹಿಂದಕ್ಕೆ ತಿರುಗಿ ನಿಲ್ಲಬೇಕು.

ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ಬಹದ್ದೂರ್ ಖಾನ್ ಅವರಿಗೆ ಒಂದೇ ಗೊಂಬೆ, ಬೇರೆ ಬೇಸ್ (ಗೊಂಬೆ ನಿಲ್ಲುವ ತಟ್ಟೆ). ಆ ರಾತ್ರಿ ಅವರು ಅಲ್ಲೇ ಹೋರಾಡುತ್ತ ಮಡಿದರು. ವಯಸ್ಸಾದವರು. ಬಿಳಿ ಗಡ್ಡ ಹಚ್ಚಿದ್ದೇನೆ. ಅವರಿರುವ ಕಡೆ ಯಾವ ದಳವೂ ಓಡುವುದಿಲ್ಲ ಅನ್ನುವುದು ನಿಯಮ.

ಮರುತ್24

ಬೇರೆ ದಾರಿಗೆ ಎಳೆಯುತ್ತಿದ್ದೇನೆ, ಕ್ಷಮಿಸಿ. ನಾನು ಇತ್ತೀಚಿನ ಕಾಲದವನು, ವಿಮಾನಗಳ ಮಾಡೆಲ್ ಮಾಡುತ್ತೇನೆ. ಈಗ 1/72ರಲ್ಲಿ ಎಚ್‌ಎಫ್-24 ಮರುತ್ ಯುದ್ಧವಿಮಾನ ನಡೆಯುತ್ತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ, ನಮ್ಮ ಎಚ್‌ಎಎಲ್‌ನಲ್ಲಿ ಕಟ್ಟಿದ್ದು, 1961ರ ಜೂನ್ 17ರಂದು ಮೊದಲ ಹಾರಾಟ. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಹಾರಿತು. ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಐದು ಸಲ ಹೋಗಿ ರೆಕ್ಕೆಯ ಬುಡ ನೋಡಿ ಬಂದೆ. ಫೋಟೋದಲ್ಲಿ ಕಾಣದ ತಿರುವು ಕಣ್ಣಿಗೆ ಕಾಣುತ್ತದೆ.

ನನ್ನ ಪ್ರಶ್ನೆ ಇದು. 1791 ದೂರ. 1971 ಹತ್ತಿರ. 1999 ಇನ್ನೂ ಹತ್ತಿರ. ಕಾರ್ಗಿಲ್ ಆಟ ಮಾಡಬಹುದಾ? ಗೆಳೆಯನೊಬ್ಬ ಟೈಗರ್ ಹಿಲ್ ನಿಯಮ ಬರೆದಿದ್ದಾನೆ. ನನಗೆ ಕೈ ಬರುತ್ತಿಲ್ಲ.

ದ್ರಾಸ್‌ನ ತಂಗಿ

ಇದಕ್ಕೆ ನಾನು ಉತ್ತರ ಕೊಡಬೇಕು ಅನಿಸ್ತು. ನನ್ನ ಅಣ್ಣ 1999ರಲ್ಲಿ ದ್ರಾಸ್‌ನಲ್ಲಿದ್ದ. ಕ್ಷೇಮವಾಗಿ ಬಂದ. ಅವನ ಜೊತೆಗಿದ್ದ ಇಬ್ಬರು ಬರಲಿಲ್ಲ.

ಎರಡು ವರ್ಷದ ಹಿಂದೆ ಅವನಿಗಾಗಿ ಒಂದು ಡಯೋರಾಮಾ (ಗೊಂಬೆ ಜೋಡಿಸಿದ ಪುಟ್ಟ ದೃಶ್ಯ) ಮಾಡಿಕೊಡುತ್ತೇನೆ ಅಂದೆ. ಬಂಕರ್ ಮೇಲೆ ದಾಳಿ ಮಾಡುವ ದೃಶ್ಯ ಅಂತ ನಾನು ಅಂದುಕೊಂಡಿದ್ದೆ. ಅವನು ಬೇಡ ಅಂದ. ರಾತ್ರಿ ಹೊತ್ತು ಬೆನ್ನ ಮೇಲೆ ಗುಂಡು, ನೀರು, ಪೂರಿ ಹೊತ್ತು ಸಾಲಾಗಿ ಹತ್ತುವ ಜನರನ್ನು ಮಾಡು ಅಂದ. ನಮ್ಮ ಯುದ್ಧ ಜಾಸ್ತಿ ಅದೇ ಆಗಿತ್ತು ಅಂದ. ಹನ್ನೊಂದು ಗೊಂಬೆ ಮಾಡಿದೆ. ಯಾರೂ ಬಂದೂಕು ಎತ್ತಿ ಹಿಡಿದಿಲ್ಲ. ಬಗ್ಗಿದ ಬೆನ್ನು ಮಾಡುವುದು ತುಂಬಾ ಕಷ್ಟ, ಮೊಣಕಾಲಿಗೆ ಬಿಸಿನೀರು ಕೊಟ್ಟು ಒಂದೊಂದನ್ನೇ ಬಗ್ಗಿಸಿದೆ. ಅವನ ಮನೆಯ ಟಿವಿ ಪಕ್ಕದಲ್ಲಿದೆ ಈಗ.

ಆಟ ಆಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಕೇಳಿ ಮಾಡಿ. ಅಲ್ಲಿದ್ದವರು ನಮ್ಮ ನಡುವೆಯೇ ಇದ್ದಾರೆ.

ಮರುತ್24

ಧನ್ಯವಾದ. ಗೆಳೆಯನಿಗೆ ಇದನ್ನು ಓದಿಸುತ್ತೇನೆ. ನಾನು ವಿಮಾನಕ್ಕೆ ವಾಪಸ್ ಹೋಗುತ್ತೇನೆ.

ಜೆ.ಸಿ. ನಗರ

ಮುಂದಿನ ಆಟಕ್ಕೆ ಈಗಲೇ ಹೇಳಿಡುತ್ತೇನೆ: ಮೊದಲ ಮಹಾಯುದ್ಧದ ಹೈಫಾ (ಈಗಿನ ಇಸ್ರೇಲಿನಲ್ಲಿದೆ), 1918ರ ಸೆಪ್ಟೆಂಬರ್ 23. ಜೋಧಪುರದವರು ಊರಿನ ಮೇಲೆ ಕುದುರೆ ನುಗ್ಗಿಸಿದರೆ, ಈಟಿ ಹಿಡಿದ ಸವಾರರಾದ ನಮ್ಮ ಮೈಸೂರು ಲ್ಯಾನ್ಸರ್ಸ್‌ನವರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳಿಗೆ ಕೈ ಹಾಕಿದರು. ಅವರ ಸ್ಮಾರಕ ನಮ್ಮ ಏರಿಯಾದಲ್ಲೇ ಇದೆ. ದಿನಾ ಅದರ ಮುಂದೆ ಹೋಗುತ್ತೇನೆ. ಈಟಿಗೆ ಗುಂಡುಸೂಜಿ ಸಾಕು.

ಚಂದ್ರಲೆಕ್ಕ

ಬಸವನಗುಡಿ ಬ್ರಷ್ ಅವರೇ, ರಾತ್ರಿ ದಾಳಿ ಅಂದಿರಿ. ಕತ್ತಲೆಯ ನಿಯಮ ಹೇಗೆ ಇಟ್ಟಿದ್ದೀರಿ? ನನಗೆ ಗೊಂಬೆ ಗೊತ್ತಿಲ್ಲ, ಆಕಾಶ ಸ್ವಲ್ಪ ಗೊತ್ತು. ಕುತೂಹಲಕ್ಕೆ ಲೆಕ್ಕ ಹಾಕಿದೆ.

1791ರ ಏಪ್ರಿಲ್ 3ರಂದು ಸೂರ್ಯಗ್ರಹಣ ಆಗಿತ್ತು. ಗ್ರಹಣ ಇದ್ದರೆ ಅಂದು ಅಮಾವಾಸ್ಯೆ. ಅಲ್ಲಿಂದ ಹದಿನೈದು ದಿನ ಹಿಂದಕ್ಕೆ ಎಣಿಸಿದರೆ ಹುಣ್ಣಿಮೆ ಮಾರ್ಚ್ 19, 20ರ ಹೊತ್ತಿಗೆ. ಅದು ಹೋಳಿ ಹುಣ್ಣಿಮೆ. ಮಾರ್ಚ್ 21ಕ್ಕೆ ಹುಣ್ಣಿಮೆ ಕಳೆದು ಒಂದೆರಡು ದಿನ ಆಗಿದೆ. ಕತ್ತಲಾದ ಸ್ವಲ್ಪ ಹೊತ್ತಿಗೆ ಚಂದ್ರ ಹುಟ್ಟುತ್ತಾನೆ. ಹನ್ನೊಂದು ಗಂಟೆಗೆ ಆಕಾಶದಲ್ಲಿ ಅರ್ಧ ಏರಿರುತ್ತಾನೆ, ಪೂರ್ವದಿಂದ ಸ್ವಲ್ಪ ದಕ್ಷಿಣಕ್ಕೆ. ಒಳ್ಳೆಯ ಬೆಳದಿಂಗಳು.

ಈಗ ನಿಮ್ಮ ಮೇಜು ನೋಡಿ. ದಾಳಿ ಉತ್ತರದಿಂದ ದಕ್ಷಿಣಕ್ಕೆ. ಬರುವವರಿಗೆ ಚಂದ್ರ ಎಡಗಡೆ, ಸ್ವಲ್ಪ ಮುಂದೆ. ಗೋಡೆಯ ಉತ್ತರದ ಮುಖ ಅದರದೇ ನೆರಳಿನಲ್ಲಿ ಇರುತ್ತದೆ. ಗೋಡೆ ಮೇಲೆ ನಿಂತವರ ಮೇಲೆ ಮಾತ್ರ ಬೆಳಕು ಬೀಳುತ್ತದೆ.

ಆರು ಮಿಲಿಮೀಟರ್

ಇದಕ್ಕಾಗಿ ನಾನು ಈ ಚರ್ಚೆಗೆ ಬರುವುದು. ಚಂದ್ರಲೆಕ್ಕ ಅವರಿಗೆ ಕೈ ಮುಗಿದೆ.

ಬಸವನಗುಡಿ ಬ್ರಷ್

ನಿನ್ನೆ ರಾತ್ರಿ ಟ್ಯೂಬ್‌ಲೈಟ್ ಆರಿಸಿದೆ. ಓದುವ ದೀಪವನ್ನು ಮೇಜಿನ ಎಡಕ್ಕೆ, ಕೋಟೆಯ ಸ್ವಲ್ಪ ಹಿಂದಕ್ಕೆ ತಂದು, ಅರ್ಧ ಎತ್ತರಕ್ಕೆ ನಿಲ್ಲಿಸಿದೆ. ಕಂದಕ ಕಾಣೆಯಾಯಿತು. ಅದರೊಳಗೆ ಇಟ್ಟಿದ್ದ ಹದಿನೆಂಟು ಕೆಂಪು ಕೋಟಿನವರೂ ಕಾಣಲಿಲ್ಲ. ಮೇಲೆ ಕಂಡಿಯ ತುದಿಯಲ್ಲಿ ನಿಂತ ನೇರಳೆ ಅಂಗಿಯವರ ಮುಖ ಮಾತ್ರ ಒಂದೊಂದಾಗಿ ಕಾಣುತ್ತಿತ್ತು. ಗೊಂಬೆಮನೆಯವರು ಹೇಳಿದ ನಾಲ್ಕೂ ಮೈಬಣ್ಣ ಆ ಬೆಳಕಿನಲ್ಲಿ ಬೇರೆ ಬೇರೆಯಾಗಿ ಗೊತ್ತಾಗುತ್ತಿತ್ತು. ಬಹಳ ಹೊತ್ತು ಕೂತು ನೋಡಿದೆ.

ನಿಯಮ ಬದಲಾಯಿಸಿದ್ದೇನೆ. ಕಂದಕದೊಳಗೆ ಇರುವವರ ಮೇಲೆ ಗೋಡೆಯಿಂದ ಗುರಿ ಇಡುವಂತಿಲ್ಲ, ಪಂಜು ಎಸೆದ ಸುತ್ತಿನಲ್ಲಿ ಮಾತ್ರ ಇಡಬಹುದು. ಮೈಸೂರಿನ ಕಡೆಗೆ ಆರು ಪಂಜು ಕೊಟ್ಟಿದ್ದೇನೆ.

ಮುಂದಿನ ಭಾನುವಾರ ಹತ್ತು ಗಂಟೆಗೆ ನಮ್ಮ ಮನೆಯಲ್ಲಿ ಮೊದಲ ಆಟ. ವಿಳಾಸವನ್ನು ಬರುವವರಿಗೆ ಖಾಸಗಿಯಾಗಿ ಕಳಿಸುತ್ತೇನೆ. ಮೊದಲು ಹಲಸೂರು ಗೇಟ್, ಊಟ ಆದ ಮೇಲೆ ಕೋಟೆ. ಕೊಡಗಿನ ಮಳೆಯವರು ಕಳಿಸಿದ ಪುಟವನ್ನು ಆಟಕ್ಕೆ ಮೊದಲು ಅವರೇ ಓದುತ್ತಾರೆ. ಕಿಟಕಿಗೆ ಹಾಕಲು ಕಪ್ಪು ಬಟ್ಟೆ ಇದ್ದವರು ತನ್ನಿ. ಹೀರೇಕಾಯಿ ನಾರು ಇನ್ನೂ ಎರಡು ಬೇಕು.